ದೌಲತರಾಯರ ಹತ್ತು ಗಂಟೆ

"ಇನ್ನ ಮ್ಯಾಲೆ ಈ ದೌಲತರಾಯನ ಗಾಡಿ ದಾರ್ಯಾಗ ಬಾನೆಟ್ ತೆಗಿಯೂದಿಲ್ಲ! ತೆಗೀತು ಅಂದ್ರ, ಅವತ್ತಿನಿಂದ ನಾ ತಲಿಗೆ ರುಮಾಲ ಸುತ್ತೂದಿಲ್ಲ!"

ಅತನೂರಿನ ಚಾವಡಿಯ ಮುಂದೆ, ಊರಿನ ಅರ್ಧದಷ್ಟು ಗಂಡಸರು ನೆರೆದಿದ್ದಾಗ ದೌಲತರಾಯರು ಹೀಗೆ ಘೋಷಣೆ ಮಾಡಿದರು. ಅವರ ಬೆನ್ನ ಹಿಂದೆ ಒಂದು ಕೆನೆಬಣ್ಣದ ಟೊಯೊಟಾ ಕೊರೊಲಾ ನಿಂತಿತ್ತು. ಕುವೈತಿನಿಂದ ಹಡಗು ಹತ್ತಿ ಮುಂಬಯಿಗೆ ಬಂದು, ಹೈದರಾಬಾದಿನ ಒಬ್ಬ ಇಂಜಿನಿಯರರ ಮನೆಯಲ್ಲಿ ಐದು ವರ್ಷ ಸಂಸಾರ ಮಾಡಿ, ಎಂಬತ್ತೈದನೇ ಇಸವಿಯ ಶ್ರಾವಣದಲ್ಲಿ ಹೊಸ ಸೊಸೆಯಂತೆ ಅತನೂರಿಗೆ ನಡೆಯಲು ಬಂದ ಗಾಡಿ ಅದು. ಊರವರು ಮೊದಲ ದಿನವೇ ಅದರಲ್ಲಿ ಒಂದು ಐಬು ಕಂಡುಹಿಡಿದರು. ಸ್ಟೇರಿಂಗು ಎಡಗಡೆ ಇತ್ತು!

"ಆ ದೇಶದಾಗ ರಸ್ತೆದ ಪದ್ಧತಿನ ಹಂಗದ," ಎಂದು ದೌಲತರಾಯರು ಎಷ್ಟು ಹೇಳಿದರೂ ಕೇಳುವವರು ಯಾರು? ಅವರು ಎಡಕ್ಕೆ ಕೂತು ಗಾಡಿ ಹೊಡೆಯುತ್ತಿದ್ದರೆ, ಬಲಕ್ಕೆ ಕೂತ ಹೆಂಡತಿ ಕಸ್ತೂರಿಬಾಯಿಯೇ ಹೊಡೆಯುತ್ತಿದ್ದಾಳೆಂದು ದೂರದವರಿಗೆ ಕಾಣುತ್ತಿತ್ತು. ಸೆರಗು ಹೊದ್ದುಕೊಂಡು, ಕೈ ಕಟ್ಟಿಕೊಂಡು, ಎಂಥ ತಿರುವಿನಲ್ಲೂ ಅಲುಗದೆ ಗಾಡಿ ಹೊಡೆಯುವ ಈ ಹೆಂಗಸಿನ ಧೈರ್ಯದ ಮಾತು ಅಫಜಲಪುರದ ಸಂತೆಯಲ್ಲಿ ಎರಡು ವಾರ ನಡೆಯಿತು.

ಆದರೆ ಕೇವಲ ಒಂದು ಗಾಡಿಗಾಗಿ ರುಮಾಲನ್ನೇ ಪಣಕ್ಕಿಡುವಷ್ಟು ಹಟ ದೌಲತರಾಯರಿಗೆ ಯಾಕೆ ಬಂತು? ಅದಕ್ಕೆ ಅವರ ಹಳೆಯ ಜೀಪಿನ ಕಥೆ ಹೇಳಬೇಕು.

ಹದಿನೆಂಟು ವರ್ಷ ಅವರು ಒಂದು ಜೀಪು ಇಟ್ಟಿದ್ದರು. ಇಟ್ಟಿದ್ದರು ಅನ್ನುವುದೇ ಸರಿ. ಓಡಿಸಿದ್ದರು ಅಂದರೆ ಉತ್ಪ್ರೇಕ್ಷೆಯಾದೀತು. ಮಿಲಿಟರಿ ಹರಾಜಿನಲ್ಲಿ ತಂದ ಆ ಜೀಪು ಯಾವ ಯುದ್ಧದಲ್ಲಿ ಏನು ಕಂಡು ಹೆದರಿತ್ತೋ, ಐದು ಮೈಲಿಗೊಮ್ಮೆ ನಿಂತು ಹಿಂದೆ ತಿರುಗಿ ನೋಡುವ ಚಟ ಅದಕ್ಕೆ. ಹಾಗಾಗಿ ದೌಲತರಾಯರ ಮನೆಯಲ್ಲಿ ಪ್ರಯಾಣವೆಂದರೆ ಒಂದು ಕಟ್ಟಳೆಯೇ ಆಗಿತ್ತು. ಹತ್ತಕ್ಕೆ ಮುಟ್ಟಬೇಕಾದರೆ ಐದಕ್ಕೆ ಹೊರಡಬೇಕು. ಜೊತೆಗೆ ಒಂದು ಹಗ್ಗ, ಒಂದು ಹಾರೆ, ನೀರಿನ ಕೊಡ, ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಮತ್ತು ನೂಕುವುದಕ್ಕೆ ಮೂವರು ನೆಂಟರು! ಇಷ್ಟೆಲ್ಲ ಇದ್ದೂ ಅವರು ಮುಟ್ಟುತ್ತಿದ್ದದ್ದು ಎರಡು ಗಂಟೆಗೆ. "ಹತ್ತಕ್ಕ ಬರ್ತೇನಿ" ಎಂದು ದೌಲತರಾಯರು ಹೇಳಿ ಕಳಿಸಿದರೆ, ಪರಿಚಯದ ಮನೆಯವರು ಹನ್ನೆರಡೂವರೆಯ ತನಕ ಬೇಳೆಯನ್ನೇ ಒಲೆಯ ಮೇಲೆ ಇಡುತ್ತಿರಲಿಲ್ಲ. ಈ ಲೆಕ್ಕ ತಿಳಿಯದವರು ಒಬ್ಬರೇ ಇದ್ದರು. ಅವರೇ ದೌಲತರಾಯರು.

ಇನ್ನೊಬ್ಬರಿಗೂ ತಿಳಿದಿರಲಿಲ್ಲ. ಆಳಂದದ ಒಬ್ಬ ಬೀಗರಿಗೆ. ಮಗಳು ಜಗದೇವಿಗೆ ಅಲ್ಲಿಂದ ಬಂದಿದ್ದ ಸಂಬಂಧ ಚಿನ್ನದಂಥದ್ದು. ಹತ್ತು ಗಂಟೆಗೆ ಮನೆ ನೋಡಲು ಬರುತ್ತೇವೆಂದು ಹೇಳಿ, ಜೀಪಿನ ಕೃಪೆಯಿಂದ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ. "ಹೇಳಿದ ಹೊತ್ತಿಗೆ ಬರೂದು ಆಗಲಾರದವರು ಹೇಳಿದ ಮಾತು ಏನ್ ನಡಸ್ತೀರಿ?" ಎಂದು ಬೀಗರು ಅಂಗಳದಿಂದಲೇ ಕೈ ಮುಗಿದರು. ಜಗದೇವಿ ಮೂರು ದಿನ ಅಪ್ಪನ ತಾಟಿಗೆ ರೊಟ್ಟಿ ಮಾತ್ರ ಹಾಕಿ, ಪಲ್ಯ ಹಾಕುವುದನ್ನು ಮರೆತಳು. ಆ ಮೂರು ದಿನದ ಒಣ ರೊಟ್ಟಿ ದೌಲತರಾಯರ ಎದೆಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು.

ಅದಕ್ಕೇ ಬಂತು ಟೊಯೊಟಾ!

ಕೀಲಿ ಅರ್ಧ ತಿರುಗಿಸುವುದರೊಳಗೆ ಅದು ಎದ್ದು ನಿಲ್ಲುತ್ತಿತ್ತು. ಮಳೆಯಲ್ಲಿ ಎದ್ದಿತು, ಚಳಿಯಲ್ಲಿ ಎದ್ದಿತು. ನೀರು ಕೇಳಲಿಲ್ಲ, ನೂಕು ಕೇಳಲಿಲ್ಲ, ಅಂಗಳದಲ್ಲಿ ಒಂದು ಹನಿ ಎಣ್ಣೆ ಚೆಲ್ಲಲಿಲ್ಲ. ಆರು ತಿಂಗಳಲ್ಲಿ ದೌಲತರಾಯರು ಬೇರೆ ಮನುಷ್ಯರೇ ಆಗಿಬಿಟ್ಟರು. ಹೈದರಾಬಾದಿನ ಇಂಜಿನಿಯರರು ಹೇಳಿದ್ದ ಕಂಪನಿಯ ಚರಿತ್ರೆಯನ್ನು ಬಾಯಿಪಾಠ ಮಾಡಿಕೊಂಡು, ಕಂಡವರನ್ನೆಲ್ಲ ನಿಲ್ಲಿಸಿ ಹೇಳತೊಡಗಿದರು. ನಿಲ್ಲದೆ ಓಡಿಹೋಗುವವರ ಪಾಲನ್ನೂ ಹೆಂಡತಿಗೇ ಹೇಳುತ್ತಿದ್ದರು.

"ಈ ಟೊಯೊಟಾ ಮನಿತನದ ಮುತ್ತ್ಯಾ ಮೊದಲ ಏನ್ ಮಾಡ್ತಿದ್ದ, ಗೊತ್ತದೇನು?"

"ಮಗ್ಗ ಮಾಡ್ತಿದ್ರು," ಅಂದಳು ಕಸ್ತೂರಿಬಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. ಅವಳು ಇದನ್ನು ಕೇಳುತ್ತಿದ್ದದ್ದು ನಲವತ್ತೊಂದನೇ ಸಲ.

"ಎಂಥಾ ಮಗ್ಗ ಅಂತೀದಿ! ಒಂದು ಎಳಿ ಹರೀತಂದ್ರ ತಾನ ನಿಂದ್ರೂ ಮಗ್ಗ! ಯಾರೂ ಹೇಳಬೇಕಿಲ್ಲ, ಯಾರೂ ಮುಟ್ಟಬೇಕಿಲ್ಲ. ತಪ್ಪಾತೋ, ನಿಂತ್ತೋ! ಮಗ ಅದೇ ಮಗ್ಗದ ಗಳಿಕ್ಯಾಗ ಮೋಟಾರ ಮಾಡಾಕ ಶುರು ಹಚ್ಚಿದ. ಅಪ್ಪನ ಗುಣ ಮೋಟಾರಕ್ಕೂ ಬಂತು!"

"ಆ ಮುತ್ತ್ಯಾ ಅಂಥಾದ್ದೊಂದು ಗಂಡಸರ ಬಾಯಿಗೂ ಮಾಡಿದ್ದ್ರ ಪುಣ್ಯಾ ಬರ್ತಿತ್ತು ನೋಡ್ರಿ," ಅಂದಳು ಕಸ್ತೂರಿಬಾಯಿ.

ಈ ಗಾಡಿಯಿಂದ ಸಂತೋಷಪಡದ ಜೀವ ಮೂರು ತಾಲೂಕಿನಲ್ಲಿ ಒಂದೇ ಒಂದು. ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜಿಟ್ಟಿದ್ದ ಗೌಸಮೊಹಿದ್ದೀನ. ಹದಿನೆಂಟು ವರ್ಷ ಆ ಜೀಪನ್ನು ಸಾಕಿದವನು ಅವನು. ಎಲ್ಲಿ ನಿಂತರೂ ಸುದ್ದಿ ಮುಟ್ಟಿ, ಸಾಮಾನಿನ ಚೀಲದೊಂದಿಗೆ ಬಸ್ಸಿಳಿದು, ಕೈ ತೊಳೆದುಕೊಂಡು ಕಸ್ತೂರಿಬಾಯಿಯ ರೊಟ್ಟಿ ಬಿಚ್ಚಿ ಉಂಡು, ಆಮೇಲೆ ಜೀಪಿನ ಹೊಟ್ಟೆ ಬಿಚ್ಚುವುದು ಅವನ ರೂಢಿ. ಟೊಯೊಟಾ ಬಂದ ಮೇಲೆ ದೌಲತರಾಯರು ಅವನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆಯೇ, ಮಗ್ಗದ ಕಥೆ ಹೇಳಿ ಹೋಗಿದ್ದರು.

"ಕೆಡಲಾರದ ಮಿಷನ್ ಇಲ್ರಿ ಸಾವಕಾರ್ರ," ಅಂದಿದ್ದ ಗೌಸು, ಕಣ್ಣು ಸಣ್ಣದು ಮಾಡಿ. "ಒಂದಿನಾ ನನ್ನ ಕೈಗೆ ಬಂದ ಬರ್ತದ. ನಾ ಕಾಯ್ತೇನಿ."

ಅಷ್ಟರಲ್ಲಿ ಜಗದೇವಿಗೆ ಎರಡನೇ ಸಂಬಂಧ ಬಂತು. ಜೇವರ್ಗಿ ತಾಲೂಕಿನ ಕೊಳಕೂರದ ಕಲ್ಯಾಣಪ್ಪನವರ ಮಗ, ಸಾಲಿ ಮಾಸ್ತರ. ಅವರು ಅತನೂರಿಗೆ ಬಂದು ಹುಡುಗಿಯನ್ನು ನೋಡಿ ಮೆಚ್ಚಿ ಹೋಗಿದ್ದರು. ಇನ್ನು ಹೆಣ್ಣಿನವರು ಹೋಗಿ ಮನೆ ನೋಡಿ, ಬಾಯಿ ಸಿಹಿ ಮಾಡಿಕೊಂಡು ಬಂದರೆ ಮುಗಿಯಿತು. ಹುಡುಗ ಚೊಲೋ, ಮನೆತನ ಚೊಲೋ, ಜಗದೇವಿ ನಕ್ಕೂ ಇದ್ದಳು. ದೌಲತರಾಯರು ಮಗಳ ಎದುರು ನಿಂತು ರುಮಾಲು ಮುಟ್ಟಿ ಹೇಳಿದರು:

"ಹತ್ತು ಅಂದ್ರ ಹತ್ತು, ತಂಗಿ! ಗಡಿಯಾರ ಬಡಿಯೂದಕ್ಕ ನಾ ಬೀಗರ ಹೊಸ್ತಿಲಾ ದಾಟಿರ್ತೇನಿ. ಇದು ಆಳಂದ ಅಲ್ಲ, ಆ ಜೀಪ ಅಲ್ಲ. ಇದು ಟೊಯೊಟಾ!"

ಮಾಘದ ಒಂದು ಸೋಮವಾರ ಮೂವರು ಹೊರಟರು. ದೌಲತರಾಯರು, ಕಸ್ತೂರಿಬಾಯಿ, ಮತ್ತು ದೌಲತರಾಯರ ಅಕ್ಕ ಗುರಮ್ಮ. ಏಳೂವರೆಗೆ ಹೊರಟರೆ ಸಾಕು ಎಂದು ದೌಲತರಾಯರು ಲೆಕ್ಕ ಹಾಕಿದ್ದರು. ಗುರಮ್ಮ ಮಾತ್ರ ಹದಿನೆಂಟು ವರ್ಷದ ಕಟ್ಟಳೆ ಬಿಡಲು ತಯಾರಿರಲಿಲ್ಲ. ಐದಕ್ಕೆಲ್ಲ ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಡಿಕ್ಕಿಯಲ್ಲಿ ಹಗ್ಗ, ಹಾರೆ, ನೀರಿನ ಕೊಡ, ಎರಡು ದಿನದ ರೊಟ್ಟಿ!

"ಅಕ್ಕಾ, ಇದು ದಾರ್ಯಾಗ ನಿಂದ್ರೂದಿಲ್ಲ!"

"ನಿಂದರಲಿಲ್ಲಂದ್ರ ಚೊಲೋನ ಆತು, ದೌಲತ್ಯಾ. ನಿಂತ್ರ? ಆ ಹುಡುಗಿ ಮುಖಾ ನೋಡಿ ಮಾತಾಡು. ಹೊಡಿ ಗಾಡಿ!"

ಐದಕ್ಕೇ ಹೊರಟು, ಗುಲಬರ್ಗಾ ಸುತ್ತಿ, ಭೀಮಾ ಸೇತುವೆ ದಾಟಿ, ಜೇವರ್ಗಿ ಹಿಂದೆ ಹಾಕಿ, ದೌಲತರಾಯರು ಕೊಳಕೂರದ ಹೆಬ್ಬಾಗಿಲಾದ ಅಗಸಿಯ ಎದುರಿಗೆ ಬಂದಾಗ ಕೈಗಡಿಯಾರದಲ್ಲಿ ಏಳೂಕಾಲು. ಟೊಯೊಟಾ ದಾರಿಯಲ್ಲಿ ಒಮ್ಮೆ ಕೆಮ್ಮಿರಲೂ ಇಲ್ಲ. "ನೋಡಿದ್ರೇನು? ನೋಡಿದ್ರೇನು?" ಎಂದು ದೌಲತರಾಯರು ಹಾರನ್ ಮೇಲೆ ಕೈಯಿಟ್ಟರು.

"ಬಾರಸಬ್ಯಾಡ್ರಿ!" ಎಂದು ಕಸ್ತೂರಿಬಾಯಿ ಆ ಕೈ ಹಿಡಿದಳು.

ಅಗಸಿಯ ಒಳಗೆ ಒಂದು ಸೋಫಾ ನಡೆದು ಹೋಗುತ್ತಿತ್ತು. ನಾಲ್ಕು ಜನ ಅದನ್ನು ತಲೆಯ ಮೇಲೆ ಹೊತ್ತಿದ್ದರು. ಮುಂದಿನ ಮೂಲೆಯ ಕೆಳಗೆ, ಬನಿಯನ್ನು ತೊಟ್ಟು, ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡಿದ್ದವರು ಸ್ವತಃ ಬೀಗರಾಗಲಿದ್ದ ಕಲ್ಯಾಣಪ್ಪನವರು! ಅದರ ಹಿಂದೆ ಚಾದರದಲ್ಲಿ ಸುತ್ತಿದ ಒಂದು ಟೀವಿ. ಅದರ ಹಿಂದೆ ಬುಟ್ಟಿ ತುಂಬ ಸ್ಟೀಲಿನ ತಾಟುಗಳು. ಎಲ್ಲಕ್ಕಿಂತ ಹಿಂದೆ ವರಮಹಾಶಯ, ಸಾಲಿ ಮಾಸ್ತರ, ಬರಲು ಒಪ್ಪದ ಎರಡು ಎಮ್ಮೆಗಳನ್ನು ಎಳೆಯುತ್ತ, ನೂಕುತ್ತ, ಒಂದರ ಕಿವಿಯಲ್ಲಿ ಏನೋ ಬುದ್ಧಿ ಹೇಳುತ್ತ ಬರುತ್ತಿದ್ದ. ಮನೆ ನೋಡಲು ಬಂದವರು ಮೊದಲು ಕೊಟ್ಟಿಗೆಯಲ್ಲಿ ಎಮ್ಮೆ ಎಣಿಸುತ್ತಾರೆಂದು ಯಾರಿಗೆ ತಿಳಿಯದು?

"ಹೋ!" ಅಂದರು ದೌಲತರಾಯರು. "ಇವರ ಮನಿ ಸಾಮಾನೆಲ್ಲ ಮಂದೀದು!"

"ಗಾಡಿ ತಿರುಗಿಸ್ರಿ."

"ಹೇಳಿದ ಹೊತ್ತಿಗೆ ಬಂದೀನಿ, ನಾ ಯಾಕ ತಿರುಗಿಸ್ಲಿ?"

"ಹೇಳಿದ್ದು ಹತ್ತಕ್ಕ. ಈಗ ಏಳೂಕಾಲು. ಅವರು ನಮ್ಮನಿಗೆ ಬಂದಾಗ ಹಾಕಿದ್ದ ಆರು ಕುರ್ಚಿ ಯಾರ ಮನೀವು? ಗ್ವಾಡಿ ಗಡಿಯಾರ ಯಾರದು? ಅವರೂ ಹೆಣ್ಣಿನವರ ಮುಂದ ಚಂದ ಕಾಣ್ಲಿ ಅಂತ ಒದ್ದಾಡಾಕತ್ಯಾರ. ಈಗ ನೀವು ಹೋಗಿ ಎದುರಿಗೆ ನಿಂತ್ರಿ ಅಂದ್ರ ಆ ಮನಶ್ಯಾ ಮತ್ತೊಮ್ಮೆ ಮುಖ ಎತ್ತಿ ನಿಮ್ಮ ಕೂಡ ಮಾತಾಡ್ತಾರೇನು? ಈ ಸಂಬಂಧಾನೂ ಹೋಗ್ತದ. ತಿರುಗಿಸ್ರಿ!"

ಹೆಂಡತಿಯ ದನಿಯಲ್ಲಿ ಜಗದೇವಿಯ ಒಣ ರೊಟ್ಟಿ ಕಂಡಿತು. ದೌಲತರಾಯರು ಸದ್ದಿಲ್ಲದೆ ಗಾಡಿ ತಿರುಗಿಸಿದರು. ಟೊಯೊಟಾ ಆದದ್ದಕ್ಕೆ ಅದು ಸದ್ದಿಲ್ಲದೆ ತಿರುಗಿತು. ಜೀಪಾಗಿದ್ದರೆ ಇಡೀ ಊರು ಎದ್ದು ಬಂದು ನೂಕುತ್ತಿತ್ತು.

ಊರಿಂದ ಮೂರು ಮೈಲು ಹಿಂದೆ, ಡಾಂಬರು ರಸ್ತೆಯ ಪಕ್ಕದಲ್ಲಿ ಒಂದು ಬೇವಿನ ಮರ. ಅದರ ನೆರಳಲ್ಲಿ ಒಂಬತ್ತೂವರೆ ತನಕ ಕಾದು ಹೋಗುವುದೆಂದು ತೀರ್ಮಾನವಾಯಿತು. ಐದು ನಿಮಿಷವೂ ಆಗಿರಲಿಲ್ಲ, ಜೋಳದ ಕಣಿಕೆ ಹೇರಿಕೊಂಡ ಒಂದು ಚಕ್ಕಡಿ ಬಂದು ನಿಂತಿತು.

"ಯಾಕ್ರಿ, ಇಲ್ಲಿ ಕುಂತೀರಿ? ಕಲ್ಯಾಣಪ್ಪನವರ ಮನಿಗೆ ಬರೂ ಬೀಗರು ನೀವಲ್ಲೇನ್ರಿ?" ಅಂದ ಚಕ್ಕಡಿಯವ. ಕೊಳಕೂರದವನೇ!

ದೌಲತರಾಯರು ಬಾಯಿ ತೆರೆದರು. ನಿಜ ಹೇಳಿದರೆ ಬೀಗರ ಮಾನ ಹೋಗುತ್ತದೆ. ಸುಳ್ಳು ಯಾವುದು ಹೇಳುವುದು ಎಂದು ಹುಡುಕುವಷ್ಟರಲ್ಲಿ ಕಸ್ತೂರಿಬಾಯಿ ಬಲಗಡೆಯ ಕಿಟಕಿಯಿಂದ ಶಾಂತವಾಗಿ ಹೇಳಿಬಿಟ್ಟಳು:

"ಗಾಡಿ ಕೆಟ್ಟದಪ್ಪಾ."

ದೌಲತರಾಯರು ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಟೊಯೊಟಾ! ಕೆಟ್ಟಿದೆ! ಅವರ ಸ್ವಂತ ಹೆಂಡತಿಯ ಬಾಯಿಂದ!

"ಕೆಟ್ಟದಂದ್ರ ಬಾನೆಟ್ ಯಾಕ ತೆಗ್ದಿಲ್ರಿ?" ಅಂದ ಚಕ್ಕಡಿಯವ. ಎಲ್ಲ ಬಲ್ಲವನು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಕಸ್ತೂರಿಬಾಯಿ ದನಿ ತೆಗೆಯದೆ ಬರಿಯ ತುಟಿಯಲ್ಲಿ ಹೇಳಿದ್ದು ಒಂದೇ ಹೆಸರು: ಜಗದೇವಿ. ದೌಲತರಾಯರು ಇಳಿದರು. ಗಲ್ಲು ಹತ್ತುವವನ ನಡಿಗೆಯಲ್ಲಿ ಮುಂದಕ್ಕೆ ಹೋದರು. ಆರು ತಿಂಗಳಿಂದ ದಾರಿಯಲ್ಲಿ ಎಂದೂ ತೆರೆಯದ ಆ ಬಾನೆಟ್ಟನ್ನು ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿದರು. ಚಾವಡಿಯ ಮುಂದೆ ಆಡಿದ ಮಾತು ಕಿವಿಯಲ್ಲಿ ಕೇಳಿಸಿ, ಸುಮ್ಮನೆ ತಲೆಯಿಂದ ರುಮಾಲು ಬಿಚ್ಚಿ ತೋಳಿಗೆ ಹಾಕಿಕೊಂಡರು. ಆಡಿದ ಮಾತಿಗೆ ತಪ್ಪುವವರಲ್ಲ ದೌಲತರಾಯರು.

"ಡ್ರೈವರ್ ಅಕ್ಕಾರ, ಧೈರ್ಯಾ ಬಿಡಬ್ಯಾಡ್ರಿ!" ಎಂದು ಕಸ್ತೂರಿಬಾಯಿಗೆ ಹೇಳಿ ಚಕ್ಕಡಿಯವ ಊರ ಕಡೆ ಹೊರಟುಹೋದ.

ಮುಚ್ಚಿದ ಬಾನೆಟ್ಟಿನ ಕಡೆ ಯಾರೂ ನೋಡುವುದಿಲ್ಲ. ಎತ್ತಿದ ಬಾನೆಟ್ಟನ್ನು ನೋಡದೆ ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ಅರ್ಧ ತಾಸಿನಲ್ಲಿ ಎಂಟು ಜನ ನಿಂತು, ಒಳಗೆ ಇಣುಕಿ, ಒಂಬತ್ತು ಕಾರಣ ಹೇಳಿದರು. ಯಡ್ರಾಮಿಯಿಂದ ಜೇವರ್ಗಿಗೆ ಹೋಗುವ ಬಸ್ಸಿನ ಡ್ರೈವರ್ ಬಸ್ಸು ನಿಲ್ಲಿಸಿ, ಐವತ್ತು ಮಂದಿಯನ್ನು ಬಿಸಿಲಲ್ಲಿ ಕೂರಿಸಿ, ಇಳಿದು ಬಂದು ನೋಡಿದ. "ದೌಲತರಾಯರ ಜಪಾನ್ ಗಾಡಿ! ನಿಂತದ!" ಎಂದು ಕೂಗಿ ಹೇಳಿಕೊಂಡೇ ಹೊರಟ. ಅವನು ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಯಾರಿಗೆ ಹೇಳುತ್ತಾನೆಂದು ದೌಲತರಾಯರಿಗೆ ಹೊಳೆದಾಗ ತಡವಾಗಿತ್ತು.

ಒಂಬತ್ತಕ್ಕೆ ಎದುರಿನಿಂದ ಬಂದ ಬಸ್ಸಿನ ಬಾಗಿಲಲ್ಲೇ ಜೋತುಬಿದ್ದು, ಬಸ್ಸು ನಿಲ್ಲುವ ಮೊದಲೇ ಗೌಸಮೊಹಿದ್ದೀನ ಹಾರಿದ. ಹೆಗಲಲ್ಲಿ ಅದೇ ಚೀಲ. ಮೈಮೇಲೆ ಈದಿಗೆ ಹಾಕಿಕೊಳ್ಳುವ ಬಿಳಿ ಅಂಗಿ!

"ಸಾವಕಾರ್ರ! ನಾ ಹೇಳಿದ್ದಿಲ್ಲೇನ್ರಿ?" ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಆರು ತಿಂಗಳಾತು ನಿಮ್ಮ ಮುಖಾ ನೋಡಿ! ವೈನಿಯವ್ರ, ಆರಾಮ ಅದೀರಿಲ್ರಿ? ಸರೀರಿ, ಸರೀರಿ. ಫಿಕರ್ ಮಾಡಬ್ಯಾಡ್ರಿ. ನಾ ಬಂದೀನಿ!"

"ಗೌಸು, ಏನೂ ಆಗಿಲ್ಲೋ. ಸುಮ್ನ ಗಾಳಿಗೆ ತೆಗ್ದೀನಿ..."

"ಗಾಳಿಗೆ ಬಾನೆಟ್ ತೆಗಿಯೂದು ಎಲ್ಲಿ ಕೇಳೀರಿ? ನನ್ನ ಮುಂದ ನಾಚಿಕಿ ಮಾಡ್ಕೋಬ್ಯಾಡ್ರಿ. ನಿಮ್ಮ ಜೀಪಿನ ಕರಳು ಬಿಚ್ಚಿ ನೋಡಿದಾಂವ ನಾನು!"

ಗುಟ್ಟು ಹೇಳುವ ಹಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗ್ಯಾರೇಜಿಟ್ಟವನಿಗೆ ಹೇಳಿದರೆ ಸಂಜೆಯೊಳಗೆ ಪ್ರತಿಯೊಂದು ಬಸ್ಸೂ ಕಲ್ಯಾಣಪ್ಪನವರ ಸೋಫಾದ ಕಥೆ ಹೊತ್ತುಕೊಂಡು ಹೋಗುತ್ತದೆ. ದೌಲತರಾಯರು ಬದಿಗೆ ಸರಿದರು. ಗೌಸು ಅಂಗಿಯ ತೋಳು ಮಡಚಿ, ಅತ್ತಿತ್ತ ನೋಡಿ, ಅವರ ತೋಳಿನ ಮೇಲಿದ್ದ ರುಮಾಲನ್ನು ಎಳೆದುಕೊಂಡ.

"ಇದು ಚೊಲೋ ಆತು, ಹಾಸಾಕ ಅರಿವಿ ತರೂದು ಮರ್ತಿದ್ದೆ," ಎಂದು ಹತ್ತು ಮೊಳದ ಆ ಬಿಳಿ ರುಮಾಲನ್ನು ಕರಿ ನೆಲದ ಮೇಲೆ ಹಾಸಿ, ಪ್ಲಗ್ಗು ಬಿಚ್ಚತೊಡಗಿದ.

ನಾಲ್ಕು ಪ್ಲಗ್ಗು ಬಂದವು. ನಾಲ್ಕೂ ಹೊಸದರಂತಿದ್ದವು. ಗೌಸು ಗೊಣಗಿದ. ಏರ್ ಫಿಲ್ಟರು ಬಂತು. ಅದರಲ್ಲಿ ಧೂಳು ಇರಲಿಲ್ಲ. ಗೌಸು ಹಲ್ಲು ಕಡಿದ. "ಅದ, ಇಲ್ಲೇ ಎಲ್ಲೋ ಅದ, ಅಡಗಿ ಕುಂತದ!" ಎಂದು ಕಾರ್ಬೋರೇಟರಿಗೇ ಕೈಹಾಕಿದ. ಒಂಬತ್ತೂವರೆಗೆ ಟೊಯೊಟಾದ ಅರ್ಧ ಹೊಟ್ಟೆ ದೌಲತರಾಯರ ರುಮಾಲಿನ ಮೇಲೆ ಸಾಲಾಗಿ ಕೂತಿತ್ತು. ಒಂದು ಭಾಗದಲ್ಲೂ ತಪ್ಪಿಲ್ಲ. ತಪ್ಪಿಲ್ಲದಷ್ಟೂ ಗೌಸಿನ ಹಟ ಏರುತ್ತಿತ್ತು.

"ಗೌಸು, ಹತ್ತಕ್ಕ ನಾ ಕೊಳಕೂರದಾಗ ಇರಬೇಕೋ! ಮಗಳ ಮದುವಿ ಮಾತದ!"

"ಒಂದ ಒಂದು ತಪ್ಪು ಸಿಗ್ಲಿ ಸಾವಕಾರ್ರ, ಹಚ್ಚೇ ಬಿಡ್ತೇನಿ!"

ಒಂಬತ್ತೂ ಮುಕ್ಕಾಲಿಗೆ ದೌಲತರಾಯರು ಧೋತರ ಎತ್ತಿ ಕಟ್ಟಿದರು. "ಗಾಡಿ ಹಾಳಾಗಿ ಹೋಗ್ಲಿ! ನಾ ಓಡ್ಕೊಂತ ಹೋಗ್ತೇನಿ. ಹತ್ತು ಅಂದ್ರ ಹತ್ತು!"

"ಬರೇ ತಲಿಲೇ ಹೋಗ್ತಿಯೇನು?" ಎಂದು ಗುರಮ್ಮ ಹಿಂದಿನ ಸೀಟಿನಿಂದ ಕೂಗಿದಳು. "ಮೊದಲನೇ ಸಲಾ ಬೀಗರ ಹೊಸ್ತಿಲಾ ಮೆಟ್ಟಾಂವ ಬೋಳ್ ತಲಿಲೇ ಹೋಗ್ತಾನೇನು? ಏನ್ ಸುದ್ದಿ ತಗೊಂಡು ಬಂದಾನ ಅಂತ ಅವರು ಎದಿ ಬಡ್ಕೋತಾರ!"

ದೌಲತರಾಯರು ರುಮಾಲಿನ ಕಡೆ ನೋಡಿದರು. ಅದರ ಮೇಲೆ ಮೂವತ್ತೇಳು ಸಾಮಾನು, ಹದಿನಾಲ್ಕು ಎಣ್ಣೆಯ ಕಲೆ. ಅವರು ಬೇವಿನ ಬುಡದಲ್ಲಿ ಕುಸಿದು ಕೂತರು. ಕೈಗಡಿಯಾರದ ಮುಳ್ಳು ಹತ್ತನ್ನು ಮುಟ್ಟಿತು, ದಾಟಿತು. ಅವರಿಗೆ ನಿಜವಾಗಿಯೂ ಅಳು ಬಂತು. ಜಗದೇವಿಯ ಎದುರು ರುಮಾಲು ಮುಟ್ಟಿ ಕೊಟ್ಟ ಮಾತು ಅದು. ಜಗತ್ತಿನಲ್ಲಿ ಎಂದೂ ಕೆಡದ ಗಾಡಿ ತಂದು, ಅದನ್ನು ಕೈಯಾರೆ ಕೆಡಿಸಿಕೊಂಡು, ಮತ್ತೆ ಆಳಂದದ ಅಂಗಳಕ್ಕೇ ಬಂದು ನಿಂತಂತಾಯಿತು. ಕಸ್ತೂರಿಬಾಯಿ ಪಕ್ಕದಲ್ಲಿ ಬಂದು ಕೂತು ರೊಟ್ಟಿಯ ಗಂಟು ಬಿಚ್ಚಿದಳು.

ಹನ್ನೊಂದಕ್ಕೆ ಗೌಸು ಎಲ್ಲವನ್ನೂ ತಿರುಗಿ ಜೋಡಿಸಲು ಕೂತ. ಹನ್ನೊಂದೂವರೆಗೆ ಒಂದು ಸ್ಪ್ರಿಂಗು ಕಾಣೆಯಾಯಿತು. ಅಕ್ಕಿಕಾಳಿಗಿಂತ ತುಸು ದೊಡ್ಡದು. ಕರಿ ಹೊಲದ ಬಿರುಕಿನಲ್ಲೆಲ್ಲ ನಾಲ್ವರೂ ಕೈ ಹಾಕಿ ಹುಡುಕಿದರು. ಗುರಮ್ಮ ಹಾರೆ ತಂದು ಅಗೆದೇಬಿಟ್ಟಳು. ಡಿಕ್ಕಿಯ ಸಾಮಾನಿಗೆ ಅಂತೂ ಉಪಯೋಗ ಬಂತೆಂದು ಅವಳ ಮುಖ ಅರಳಿತ್ತು. ಒಂದು ಗಂಟೆಗೆ ಕಸ್ತೂರಿಬಾಯಿ ಸೋತು ರುಮಾಲು ಕೊಡವಿದಳು. ಮಡಿಕೆಯಿಂದ ಸ್ಪ್ರಿಂಗು ಟಣ್ ಎಂದು ಬಾನೆಟ್ಟಿನ ಮೇಲೆ ಬಿತ್ತು.

ಕೀಲಿ ಅರ್ಧ ತಿರುಗಿತ್ತೋ ಇಲ್ಲವೋ, ಟೊಯೊಟಾ ಎದ್ದಿತು. ಏನೂ ನಡೆದೇ ಇಲ್ಲವೆಂಬಂತೆ!

ಗೌಸು ಬಾನೆಟ್ಟಿನ ಮೇಲೆ ಅಂಗೈಯಿಟ್ಟ. "ಮಾಷಾ ಅಲ್ಲಾ," ಅಂದ ಮೆಲ್ಲಗೆ. "ಸಾವಕಾರ್ರ, ಇದಕ್ಕ ಏನೂ ಆಗಿದ್ದಿಲ್ಲ. ಇದರಾಗ ನನಗ ಕೆಲಸಾ ಇಲ್ಲ. ನಾ ಇನ್ನ ಬರೂದಿಲ್ರಿ."

"ಯಾಕ ಬರೂದಿಲ್ಲ?" ದೌಲತರಾಯರು ಅವನ ಚೀಲ ಎತ್ತಿ ಹಿಂದಿನ ಸೀಟಿಗಿಟ್ಟರು. "ಕೆಲಸ ಇದ್ರ ಅಷ್ಟ ಬರಬೇಕೇನು? ಹದಿನೆಂಟು ವರ್ಷ ರೊಟ್ಟಿ ಉಂಡೀದಿ. ಗಾಡಿ ಹತ್ತು! ಇವತ್ತು ಬೈಸಿಕೊಳ್ಳಾಕ ನನ್ನ ಜೋಡಿ ಇನ್ನೊಬ್ಬ ಗಂಡಸು ಬೇಕು."

ಕೊಳಕೂರದ ಅಗಸಿಯನ್ನು ಟೊಯೊಟಾ ದಾಟಿದಾಗ ಸರಿಯಾಗಿ ಎರಡು ಗಂಟೆ. ದೌಲತರಾಯರು ಬರಿತಲೆಯಲ್ಲಿ ಇಳಿದರು. ಅಂಗಳದಲ್ಲಿ ಕಲ್ಯಾಣಪ್ಪನವರು ಇಸ್ತ್ರಿಯ ಅಂಗಿ, ಹೊಸ ರುಮಾಲು, ಹಣೆ ತುಂಬ ವಿಭೂತಿಯಲ್ಲಿ ನಿಂತಿದ್ದರು. ದೌಲತರಾಯರು ಎರಡೂ ಕೈ ಮುಗಿದರು.

"ಬೀಗರ, ತಪ್ಪಾತು. ತಡಾ ಆತು. ನೀವು ಏನ್ ಅಂದ್ರೂ ನಾ..."

"ಶರಣು ಬರ್ರಿ, ಶರಣು ಬರ್ರಿ! ತಡಾ ಎಲ್ಲಿ ಆಗ್ಯದ? 'ದೌಲತರಾಯರ ಹತ್ತು' ಅಂದ್ರ ಎರಡು ಗಂಟೆ ಅಲ್ಲೇನ್ರಿ? ನಮ್ಮ ಮನೆಯವರ ತವರು ಅಫಜಲಪುರ. ಅವರ ಅಣ್ಣ ಎಲ್ಲಾ ತಿಳಿಸಿ ಹೇಳ್ಯಾರ. ಹೋಳಿಗಿ ಈಗರೆ ಹಂಚಿನಿಂದ ಇಳದಾವ. ಬರೋಬ್ಬರಿ ಟೈಮಿಗೆ ಬಂದ್ರಿ!"

ದೌಲತರಾಯರು ನಿಂತಲ್ಲೇ ನಿಂತರು. ಹದಿನೆಂಟು ವರ್ಷ ಮೂರು ತಾಲೂಕಿನವರು ತಮ್ಮ ಬೆನ್ನ ಹಿಂದೆ ಇಟ್ಟಿದ್ದ ಗಡಿಯಾರ ಅವರಿಗೆ ಈಗ ಕಂಡಿತ್ತು. ಹಿಂದಿನಿಂದ ಗೌಸು ಕಿಸಕ್ಕೆಂದು ನಕ್ಕ. ಗೊತ್ತಿತ್ತು ಬೇಕೂಫನಿಗೆ!

ಮನೆ ನೋಡುವುದು ಯಥಾಸಾಂಗವಾಗಿ ನಡೆಯಿತು. ದೌಲತರಾಯರು ಸೋಫಾ ನೋಡಿ "ಭಾಳ ಮಸ್ತ್ ಅದ" ಅಂದರು. ಟೀವಿ ನೋಡಿ ಹುಬ್ಬೇರಿಸಿದರು. ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ ಇದ್ದವು. ಎರಡು ಮೇವು ತಿನ್ನುತ್ತಿದ್ದವು, ಇನ್ನೆರಡು ಹಗ್ಗ ಜಗ್ಗುತ್ತ ಪಕ್ಕದ ಓಣಿಯ ಕಡೆ ಮುಖಮಾಡಿ ಒದರುತ್ತಿದ್ದವು. "ಎಮ್ಮಿ ಭಾಳ ಚುರುಕದಾವ್ರಿ," ಅಂದರು ದೌಲತರಾಯರು ಮಾಸ್ತರನ ಮುಖ ನೋಡದೆ. ಮಾಸ್ತರ ನೆಲ ನೋಡಿದ. ಹೋಳಿಗೆಯಾಯಿತು, ಬಾಯಿ ಸಿಹಿಯಾಯಿತು. ಬೀಗರ ಬರಿತಲೆಯನ್ನು ಕಂಡ ಕಲ್ಯಾಣಪ್ಪನವರು ತಾವೇ ಎದ್ದು ಕೇಸರಿಯ ಹೊಸ ರುಮಾಲೊಂದನ್ನು ಸುತ್ತಿದರು. ನಾ ಸುತ್ತೂದಿಲ್ಲ ಅಂದಿದ್ದರೇ ಹೊರತು, ಬೀಗರು ಸುತ್ತಬಾರದೆಂದು ದೌಲತರಾಯರು ಅಂದಿರಲಿಲ್ಲ. ಸಂಬಂಧ ಗಟ್ಟಿಯಾಯಿತು!

ತಲೆಗೆ ರುಮಾಲು ಬಂದದ್ದೇ ತಡ, ದೌಲತರಾಯರಿಗೆ ಜೀವ ಬಂತು. "ಬೀಗರ, ಈ ಟೊಯೊಟಾ ಮನಿತನದ ಮುತ್ತ್ಯಾ ಅದಾನಲ್ರಿ..." ಎಂದು ಶುರುಮಾಡಿದರು.

ಕಲ್ಯಾಣಪ್ಪನವರು ಕೈಯೆತ್ತಿ ತಡೆದರು. ಅವರ ದನಿ ತಗ್ಗಿತ್ತು.

"ಒಂದು ಮಾತು ಹೇಳ್ತೇನಿ. ಮುಚ್ಚಿಡೂದು ಬ್ಯಾಡ. ಮುಂಜಾನೆ ಸೋಫಾದ ಕೆಳಗಿಂದ ನಾ ನಿಮ್ಮ ಗಾಡಿ ನೋಡಿದೆ. ನನ್ನ ಜೀವಾ ಹೋದಂಗಾತು. ಮುಗೀತು, ಈಗ ಬಂದು ನಗ್ತಾರ ಅಂತ ಕಣ್ಣು ಮುಚ್ಚಿದೆ. ಕಣ್ಣ ತೆಗದ್ರ ಗಾಡಿ ತಿರುಗಿ ಹೊಂಟಿತ್ತು. ನಮ್ಮ ಮಾನ ಉಳಸಾಕ ಮೂರು ಮೈಲು ಹಿಂದ ಹೋಗಿ ಬಿಸಲಾಗ ಕುಂತ್ರಿ, ಗಾಡಿ ಕೆಟ್ಟದ ಅಂತ ಹೆಸರು ಕೆಡಸ್ಕೊಂಡ್ರಿ, ಚಕ್ಕಡಿಯಾಂವ ಬಂದು ಎಲ್ಲಾ ಹೇಳಿದ. ಇಂಥಾ ಮನಿ ಹೆಣ್ಣು ಬಿಡಬಾರದು ಅಂತ ಅವಾಗ ನಿಶ್ಚಯ ಮಾಡಿದೆ." ಅವರು ಕಸ್ತೂರಿಬಾಯಿಯ ಕಡೆ ತಿರುಗಿ ಕೈ ಮುಗಿದರು. "ಇದೆಲ್ಲಾ ಈ ತಾಯಿದು. ನಾ ಕಣ್ಣಾರೆ ನೋಡೀನಿ, ಬಲಗಡೆ ಕುಂತು ಗಾಡಿ ತಿರುಗಿಸಿದಾಕಿ ಇವರ! ಹೆಣ್ಣಮಗಳು ಗಾಡಿ ಹೊಡಿಯೂದು ಹೆಂಗ ಅಂತ ನಮ್ಮವರು ಅಂತಿದ್ರು. ನನಗೇನು ಅಡ್ಡಿ ಇಲ್ರಿ. ಹಿಂಗ ಹೊಡಿಯವರು ಸಿಗಬೇಕಲ್ಲ!"

ದೌಲತರಾಯರು ಧಡಕ್ಕನೆ ಬಾಯಿ ತೆರೆದರು. ಸ್ಟೇರಿಂಗು ಎಡಕ್ಕಿದೆ! ತಿರುಗಿಸಿದ್ದು ತಾನು! ಬಾನೆಟ್ ತೆಗೆದದ್ದು ತಾನು, ರುಮಾಲು ಕಳೆದುಕೊಂಡದ್ದು ತಾನು! ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಗಸಿಯ ಮುಂದೆ ಹಾರನ್ನಿನ ಮೇಲಿದ್ದ ತಮ್ಮದೇ ಕೈ ನೆನಪಾಯಿತು. ಅದನ್ನು ಹಿಡಿದ ಇನ್ನೊಂದು ಕೈಯೂ ನೆನಪಾಯಿತು. ದೌಲತರಾಯರ ಬಾಯಿ, ಆರು ತಿಂಗಳಲ್ಲಿ ಮೊದಲ ಬಾರಿಗೆ, ಯಾರೂ ಹೇಳದೆ, ಯಾರೂ ಮುಟ್ಟದೆ, ತಾನೇ ನಿಂತಿತು.

ಕಸ್ತೂರಿಬಾಯಿ ಸೆರಗಿನ ಒಳಗಿಂದ ನೋಡುತ್ತಿದ್ದಳು.

"ಖರೇ ಅದ ಬೀಗರ," ಅಂದರು ದೌಲತರಾಯರು, ಹೊಸ ರುಮಾಲು ಸರಿಮಾಡಿಕೊಳ್ಳುತ್ತ. "ಗಾಡಿ ಆಕೀನ ಹೊಡೀತಾಳ್ರಿ. ನಾ ಬರೇ ಸ್ಟೇರಿಂಗ್ ಹಿಡ್ಕೊಂಡು ಕೂಡ್ತೇನಿ."